ಹೆಣಿಗೆಯ ಒಳಮೈ

ಕಳೆದ ಸಂಚಿಕೆಯಲ್ಲಿ ಮಳೆಗಾಲದಲ್ಲಿ ಬೇಳೆಕಾಳುಗಳನ್ನು ಕಾಪಾಡಿಕೊಳ್ಳುವ ಬಗೆಯನ್ನು ಕುರಿತು ನಾವು ಬರೆದುದು ಅನೇಕರಿಗೆ ಉಪಯೋಗವಾಯಿತೆಂದು ಬಂದ ಪತ್ರಗಳಿಂದ ತಿಳಿದು ಸಂತೋಷವಾಯಿತು. ಆ ಪತ್ರಗಳಲ್ಲಿ ಮೂರು ಹೆಣಿಗೆಯ ಕೆಲಸವನ್ನು ಕುರಿತವು. ಸ್ವೆಟರಿನ ಒಂದು ತೋಳು ಉದ್ದವಾಗಿ ಇನ್ನೊಂದು ಗಿಡ್ಡವಾಗುವುದೇಕೆ ಎಂದು ಒಬ್ಬ ಸಹೋದರಿ ಕೇಳಿದ್ದಾರೆ. ಹಳೆಯ ಸ್ವೆಟರನ್ನು ಬಿಚ್ಚಿದ ದಾರ ಮತ್ತೆ ಕೆಲಸಕ್ಕೆ ಬರುವುದೇ ಎಂಬುದು ಇನ್ನೊಬ್ಬರ ಪ್ರಶ್ನೆ. ಮೂರನೆಯವರು, ಮಗಳ ಬಾಣಂತನ ಸಮೀಪಿಸಿರುವುದರಿಂದ, ಎಳೆಗೂಸಿಗೆ ಕಾಲುಚೀಲ ಹೆಣೆಯುವಾಗ ಗಮನಿಸಬೇಕಾದುದೇನು ಎಂದು ವಿಚಾರಿಸಿದ್ದಾರೆ. ಮೊದಲ ಎರಡಕ್ಕೆ ಕೂಡಲೇ ಉತ್ತರ ಬರೆಯತೊಡಗಿದೆವು. ಮೂರನೆಯದರ ಮುಂದೆ ಲೇಖನಿ ಸ್ವಲ್ಪ ಹೊತ್ತು ನಿಂತಿತು. ಅದರ ಕಾರಣವನ್ನು ಕೊನೆಯಲ್ಲಿ ಹೇಳುವೆವು.

ಹೆಣಿಗೆಯ ವಿಷಯದಲ್ಲಿ ಶಾಲೆಯ ಹೆಡ್‌ಮಾಸ್ತರರಿಗೇನು ಕೆಲಸವೆಂದು ಕೆಲವರು ನಗಬಹುದು. ನಾವು ಟಿ.ಸಿ.ಎಚ್. ತರಬೇತಿ ಪಡೆದ ಕಾಲದಲ್ಲಿ ಹಸ್ತಕೌಶಲವೂ ಪಾಠದ ಒಂದು ಭಾಗವಾಗಿತ್ತು. ೧೯೭೭ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿಯು ಸಮಾಜೋಪಯೋಗಿ ಉತ್ಪಾದಕ ಕಾರ್ಯವನ್ನು ಶಾಲೆಗಳಲ್ಲಿ ಕಲಿಸಬೇಕೆಂದು ಸಲಹೆ ಮಾಡಿದ ಮೇಲೆ ಇಂಥ ಕೆಲಸಗಳಿಗೆ ಮತ್ತಷ್ಟು ಮನ್ನಣೆ ದೊರಕಿತ್ತು. ಗಂಡಸರೆಲ್ಲ ರಟ್ಟಿನ ಕೆಲಸವನ್ನು ಆರಿಸಿಕೊಂಡರೆ, ಅಲ್ಲಿ ಸ್ಥಳ ಸಾಲದೆ ನಾವು ಮೂವರು ಹೆಣಿಗೆಯ ತಂಡ ಸೇರಬೇಕಾಯಿತು. ಆಗ ನಾಚಿಕೆಯಾದುದು ನಿಜ. ಯುರೋಪಿನ ಹಲವು ನಗರಗಳಲ್ಲಿ ಹೆಣಿಗೆಯು ಒಂದು ಕಾಲಕ್ಕೆ ಗಂಡಸರ ಸಂಘಗಳ ಕೈಯಲ್ಲಿದ್ದ ಕಸುಬೆಂದೂ, ಕಾಲುಚೀಲ ಹೆಣೆಯುವ ಯಂತ್ರವನ್ನು ೧೫೮೯ರಲ್ಲಿ ನಿರ್ಮಿಸಿದವನು ವಿಲಿಯಂ ಲೀ ಎಂಬ ಇಂಗ್ಲಿಷ್ ಪಾದ್ರಿಯೆಂದೂ ಮುಂದೆ ಓದಿ ತಿಳಿದಾಗ ಆ ನಾಚಿಕೆ ಹೋಯಿತು. ಮದುವೆಯಾದ ಬಳಿಕ ಈ ವಿದ್ಯೆಯಲ್ಲಿ ನಮ್ಮ ಮನೆಯವರೇ ನಮಗೆ ಗುರುಗಳಾದರು. ಕೆಳಗೆ ಬರೆಯುವ ಸೂಚನೆಗಳಲ್ಲಿ ಹೆಚ್ಚಿನವು ಅವರವು. ಲೆಕ್ಕ ಮಾತ್ರ ನಮ್ಮದು.

ನಾವಿರುವ ಕೊರ್ತಾಲಿಮ್, ಕೊಂಕಣಿಯವರ ಕುಠ್ಠಾಳಿ, ಜುವಾರಿ ನದಿಯ ದಡದ ಊರು. ಮಾಗಿಯಲ್ಲೂ ಇಲ್ಲಿ ಸ್ವೆಟರ್ ಹಾಕಿಕೊಳ್ಳುವಷ್ಟು ಚಳಿಯಿಲ್ಲ. ಆದರೂ ದುಡಿಮೆಗಾಗಿ ಈ ಕಡೆ ಬಂದು ನೆಲಸಿದ ನಮ್ಮ ಕನ್ನಡದ ಕುಟುಂಬಗಳಿಗೆ ಬೆಳಗಾವಿ, ಧಾರವಾಡ, ಗದಗಗಳಲ್ಲಿ ಬಂಧುಬಳಗ ಉಂಟು. ಘಟ್ಟ ಹತ್ತಿದರೆ ಚಳಿ ಕಾದಿರುತ್ತದೆ. ಇನ್ನು ಇಲ್ಲಿಯ ಮೂಲನಿವಾಸಿ ಹೆಂಗಸರಲ್ಲಿ ಕ್ರೋಶಾ ಕೆಲಸ ಬಲು ಹಿಂದಿನದು. ೧೯೬೧ರವರೆಗೆ ನಡೆದ ಪೋರ್ಚುಗೀಸರ ಆಳ್ವಿಕೆಯಲ್ಲಿ ಕಾನ್ವೆಂಟುಗಳ ಮೂಲಕ ಹಬ್ಬಿದ ಈ ಕಲೆಯಿಂದ ಮೇಜುಹಾಸು, ಕಸೂತಿಯಂಚು, ಚರ್ಚಿನ ಪೀಠಕ್ಕೆ ಹಾಸುವ ವಸ್ತ್ರ ಮುಂತಾದುವು ಇಂದಿಗೂ ಮನೆಮನೆಯಲ್ಲಿ ತಯಾರಾಗುತ್ತವೆ. ಎರಡು ಕಡ್ಡಿಗಳ ಹೆಣಿಗೆ ನಮ್ಮವರದು, ಒಂದು ಕೊಕ್ಕೆಯ ಕ್ರೋಶಾ ಅವರದು. ಈ ಎರಡೂ ಒಂದೇ ಜಗಲಿಯ ಮೇಲೆ ನಡೆಯುವುದನ್ನು ನಾವು ಇಲ್ಲಿ ಕಾಣುತ್ತೇವೆ.

ದಾರ ಕೊಳ್ಳುವಾಗ

ಅಂಗಡಿಯಲ್ಲಿ ಉಲ್ಲನ್ ಕೇಳಿದರೆ ಕೊಡುವುದೆಲ್ಲ ಉಣ್ಣೆಯಲ್ಲ. ಲೂಧಿಯಾನದ ಕಡೆಯಿಂದ ಬರುವ ಹೊಳಪಿನ ದಾರದಲ್ಲಿ ಬಹುಪಾಲು ಅಕ್ರಿಲಿಕ್ ಎಂಬ ಕೃತಕ ನೂಲು. ಅದರಲ್ಲಿ ದೋಷವೇನೂ ಇಲ್ಲ. ಬೆಲೆ ಕಡಿಮೆ, ನುಸಿ ತಿನ್ನುವುದಿಲ್ಲ, ತೊಳೆಯುವುದು ಸುಲಭ. ಆದರೆ ಕೊಂಡ ದಾರ ಯಾವುದೆಂದು ತಿಳಿದಿರಬೇಕು. ಇದಕ್ಕೊಂದು ಪರೀಕ್ಷೆಯುಂಟು. ಬೆರಳುದ್ದದ ಎಳೆಯನ್ನು ಚಿಮುಟದಲ್ಲಿ ಹಿಡಿದು, ಕೆಳಗೆ ಸ್ಟೀಲಿನ ತಟ್ಟೆಯಿಟ್ಟು, ಮಕ್ಕಳನ್ನು ದೂರವಿರಿಸಿ ಬೆಂಕಿ ತಾಗಿಸಿರಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಕಡ್ಡಿ ತೆಗೆದೊಡನೆ ತಾನಾಗಿ ಆರಿ, ಹಿಸುಕಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ. ಅಕ್ರಿಲಿಕ್ ಆದರೆ ಕರಗಿ ತೊಟ್ಟಿಕ್ಕಿ, ಕೊನೆಗೆ ಗಟ್ಟಿಯಾದ ಕಪ್ಪು ಮಣಿಯಾಗುತ್ತದೆ.

ಈ ಕರಗುವ ಗುಣವನ್ನು ಗೃಹಿಣಿಯರು ನೆನಪಿಡತಕ್ಕದ್ದು. ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆಯನ್ನು ಉಳಿದ ಉಲ್ಲನ್ನಿನಿಂದ ಹೆಣೆಯುವ ಪದ್ಧತಿ ಕೆಲವರಲ್ಲಿದೆ. ಅಕ್ರಿಲಿಕ್ ಆದರೆ ಕಾದ ಪಾತ್ರೆಗೆ ಕರಗಿ ಕೈಗೆ ಅಂಟಿಕೊಳ್ಳುತ್ತದೆ. ಮಸಿಬಟ್ಟೆಗೆ ದಪ್ಪ ಹತ್ತಿಯ ದಾರವೇ ಯೋಗ್ಯ. ಅಕ್ರಿಲಿಕ್ ಶಾಲು ಹೊದ್ದು ಒಲೆಯ ಮುಂದೆ ನಿಲ್ಲುವುದೂ ಸಲ್ಲದು.

ದಾರದ ಉಂಡೆಗೆ ಸುತ್ತಿದ ಚೀಟಿಯಲ್ಲಿ ಬಣ್ಣದ ಸಂಖ್ಯೆಯಲ್ಲದೆ ಲಾಟ್ ಸಂಖ್ಯೆಯೂ ಇರುತ್ತದೆ. ಒಂದೇ ಬಣ್ಣವಾದರೂ ಬೇರೆ ಬೇರೆ ಹಂಡೆಯಲ್ಲಿ ಅದ್ದಿದ ದಾರದಲ್ಲಿ ತುಸು ವ್ಯತ್ಯಾಸವಿದ್ದೇ ಇರುತ್ತದೆ. ಅಂಗಡಿಯ ದೀಪದಲ್ಲಿ ಕಾಣದ ಈ ವ್ಯತ್ಯಾಸ ಬಿಸಿಲಲ್ಲಿ ಎದ್ದು ಕಾಣುವುದು. ಆದುದರಿಂದ ಬೇಕಾದ ದಾರವನ್ನು ಒಂದೇ ಸಲ, ಒಂದೇ ಲಾಟಿನಲ್ಲಿ, ಒಂದು ಉಂಡೆ ಹೆಚ್ಚಾಗಿಯೇ ಕೊಳ್ಳಿರಿ. ಹೊಂದದ ಎರಡು ಲಾಟು ಕೈಗೆ ಬಂದಿದ್ದರೆ ಎರಡು ಸಾಲು ಒಂದರಿಂದ, ಎರಡು ಸಾಲು ಇನ್ನೊಂದರಿಂದ ಹೆಣೆಯುತ್ತ ಹೋದರೆ ಭೇದ ಕಣ್ಣಿಗೆ ಬೀಳದು.

ಲಡಿಯಾಗಿ ಬಂದ ದಾರವನ್ನು ಉಂಡೆ ಮಾಡುವಾಗ ಬಿಗಿಯಾಗಿ ಸುತ್ತಬಾರದು. ಬಿಗಿದ ದಾರ ಹಿಗ್ಗಿರುತ್ತದೆ. ಹೆಣೆದು ಒಮ್ಮೆ ತೊಳೆದೊಡನೆ ಅದು ತನ್ನ ಮೊದಲಿನ ಉದ್ದಕ್ಕೆ ಮರಳಿ ಉಡುಪು ಕುಗ್ಗುತ್ತದೆ. ಮೂರು ಬೆರಳುಗಳನ್ನು ಉಂಡೆಯ ಮೇಲಿರಿಸಿ ಅವುಗಳ ಮೇಲಿನಿಂದಲೇ ಸುತ್ತಿ, ಆಗಾಗ ಬೆರಳು ಹೊರತೆಗೆದರೆ ಉಂಡೆ ಸಡಿಲವಾಗಿರುವುದು. ಉಂಡೆ ನೆಲದ ಮೇಲೆ ಉರುಳದಂತೆ ತಂಬಿಗೆಯಲ್ಲಿಯೋ ದೊಡ್ಡ ಕರಟದಲ್ಲಿಯೋ ಇಟ್ಟುಕೊಂಡರೆ ಧೂಳೂ ಇಲ್ಲ, ಬೆಕ್ಕಿನ ಕಾಟವೂ ಇಲ್ಲ.

ಕಡ್ಡಿಗಳ ವಿಚಾರ

ಕಡ್ಡಿಯ ಸಂಖ್ಯೆಯಲ್ಲಿ ಹೊಸಬರು ಮೋಸಹೋಗುವುದುಂಟು. ನಮ್ಮ ಅಂಗಡಿಗಳಲ್ಲಿ ಇನ್ನೂ ಕಾಣುವ ಹಳೆಯ ಬ್ರಿಟಿಷ್ ಪದ್ಧತಿಯಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಕಡ್ಡಿ ತೆಳ್ಳಗೆ. ೮ನೆಯ ನಂಬರು ೪ ಮಿಲಿಮೀಟರ್, ೧೦ನೆಯದು ೩.೨೫ ಮಿಲಿಮೀಟರ್, ೧೨ನೆಯದು ೨.೭೫ ಮಿಲಿಮೀಟರ್ ದಪ್ಪ. ಮಿಲಿಮೀಟರಿನಲ್ಲಿ ಬರೆದ ಮಾದರಿಯನ್ನು ನೋಡಿ ಹಳೆಯ ನಂಬರಿನ ಕಡ್ಡಿಯಲ್ಲಿ ಹೆಣೆಯಲು ಹೊರಟರೆ ಅಳತೆ ಕೆಡುವುದು ಖಂಡಿತ.

ಕರಾವಳಿಯ ಮಳೆಗಾಲದಲ್ಲಿ ಉಕ್ಕಿನ ಕಡ್ಡಿ ತುಕ್ಕು ಹಿಡಿದರೆ ಆ ಕಲೆ ದಾರಕ್ಕೆ ಹತ್ತಿ ಹೋಗುವುದೇ ಇಲ್ಲ. ಕೆಲಸ ಮುಗಿದ ಮೇಲೆ ಕಡ್ಡಿಗಳನ್ನು ಒಣಬಟ್ಟೆಯಿಂದ ಒರಸಿ, ಒಂದು ಹನಿ ಕೊಬ್ಬರಿಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿಡಿರಿ. ಮತ್ತೆ ತೆಗೆದಾಗ ಎಣ್ಣೆ ಪೂರ್ತಿ ಒರಸಿ ಬಳಸಿರಿ. ಬಿದಿರಿನ ಕಡ್ಡಿ ಒರಟಾದರೆ ನಯವಾದ ಮರಳುಕಾಗದದಿಂದ ತಿಕ್ಕಿ ಮೇಣದಬತ್ತಿಯನ್ನು ಉಜ್ಜಿದರೆ ಸಾಕು. ಕೈ ಬೆವರಿ ದಾರ ಜಾರದಿದ್ದರೆ ಕೈ ತೊಳೆದು ಒರಸಿಕೊಂಡು ತುಸು ಪೌಡರ್ ಹಚ್ಚಿಕೊಳ್ಳಿರಿ. ಕಪ್ಪು ದಾರವನ್ನು ಹಗಲಿನಲ್ಲಿಯೇ ಹೆಣೆಯಿರಿ. ತೊಡೆಯ ಮೇಲೆ ಬಿಳಿಯ ಬಟ್ಟೆ ಹಾಸಿಕೊಂಡರೆ ಕುಣಿಕೆಗಳು ಸ್ಪಷ್ಟವಾಗಿ ಕಾಣುವುವು.

ಅಳತೆಯ ಲೆಕ್ಕ

ಮೊದಲು ಅಂಗೈಯಗಲದ ಒಂದು ಮಾದರಿಯನ್ನು ಹೆಣೆದು, ತೊಳೆದು ಒಣಗಿಸಿ, ಹತ್ತು ಸೆಂಟಿಮೀಟರಿಗೆ ಎಷ್ಟು ಕುಣಿಕೆಗಳೆಂದು ಎಣಿಸಬೇಕು. ಇದು ವ್ಯರ್ಥ ಕೆಲಸವೆಂದು ಹಲವರು ಬಿಟ್ಟುಬಿಡುತ್ತಾರೆ. ಒಂದು ಲೆಕ್ಕ ನೋಡಿರಿ. ಪುಸ್ತಕದಲ್ಲಿ ಹತ್ತು ಸೆಂಟಿಮೀಟರಿಗೆ ೨೨ ಕುಣಿಕೆ ಎಂದು ಬರೆದಿದೆ. ೫೦ ಸೆಂಟಿಮೀಟರ್ ಅಗಲದ ಬೆನ್ನಿಗೆ ೧೧೦ ಕುಣಿಕೆ ಹಾಕಿದಿರಿ. ಆದರೆ ನಿಮ್ಮ ಕೈ ಬಿಗಿಯಾಗಿದ್ದು ಹತ್ತು ಸೆಂಟಿಮೀಟರಿಗೆ ೨೪ ಕುಣಿಕೆ ಬೀಳುತ್ತಿದೆಯೆನ್ನಿ. ಆಗ ಬೆನ್ನು ೪೫.೮ ಸೆಂಟಿಮೀಟರ್ ಮಾತ್ರ ಆಯಿತು. ಎದೆಯ ಭಾಗವೂ ಅಷ್ಟೇ ಆಗುವುದರಿಂದ ಒಟ್ಟು ಸುತ್ತಳತೆಯಲ್ಲಿ ೮ ಸೆಂಟಿಮೀಟರಿಗೂ ಮಿಗಿಲಾದ, ಅಂದರೆ ಮೂರು ಅಂಗುಲಕ್ಕಿಂತ ಹೆಚ್ಚಿನ ಕೊರತೆ ಬಿತ್ತು. ಹತ್ತು ಸೆಂಟಿಮೀಟರಿನಲ್ಲಿ ಎರಡೇ ಕುಣಿಕೆಯ ವ್ಯತ್ಯಾಸ ತಿಂಗಳ ದುಡಿಮೆಯನ್ನು ಹಾಳುಮಾಡಿತು. ಕೈ ಬಿಗಿಯಾದರೆ ದಪ್ಪ ಕಡ್ಡಿಯನ್ನೂ, ಸಡಿಲವಾದರೆ ತೆಳ್ಳನೆಯದನ್ನೂ ತೆಗೆದುಕೊಂಡು ಮತ್ತೆ ಮಾದರಿ ಹೆಣೆದು ನೋಡಿರಿ.

ಇನ್ನು ತೋಳಿನ ಪ್ರಶ್ನೆ. ಒಂದು ತೋಳನ್ನು ಈ ವಾರ, ಇನ್ನೊಂದನ್ನು ಮುಂದಿನ ವಾರ ಹೆಣೆದರೆ ಕೈಯ ಬಿಗಿ ಒಂದೇ ಸಮನಾಗಿರುವುದಿಲ್ಲ. ಸಾಲುಗಳ ಎಣಿಕೆಯೂ ತಪ್ಪುವುದುಂಟು. ಎರಡು ಉಂಡೆ ಇಟ್ಟುಕೊಂಡು, ಒಂದೇ ಜೊತೆ ಕಡ್ಡಿಯ ಮೇಲೆ ಎರಡು ತೋಳುಗಳನ್ನೂ ಪಕ್ಕಪಕ್ಕದಲ್ಲಿ ಹೆಣೆಯುತ್ತ ಹೋಗಿರಿ. ಒಂದರಲ್ಲಿ ಕುಣಿಕೆ ಹೆಚ್ಚಿಸಿದ ಸಾಲಿನಲ್ಲಿಯೇ ಇನ್ನೊಂದರಲ್ಲಿಯೂ ಹೆಚ್ಚಿಸುವುದರಿಂದ ಹೆಚ್ಚುಕಡಿಮೆಗೆ ಆಸ್ಪದವೇ ಇಲ್ಲ.

ಹೆಣೆಯುತ್ತಿರುವಾಗ

ಮೊದಲ ಸಾಲಿನ ಕುಣಿಕೆ ಹಾಕುವಾಗ ಬಿಡಬೇಕಾದ ದಾರ ಎಷ್ಟೆಂದು ತಿಳಿಯದೆ ಅರ್ಧಕ್ಕೆ ಸಾಲದಾಗುವುದುಂಟು. ದಾರವನ್ನು ಕಡ್ಡಿಗೆ ಹತ್ತು ಸುತ್ತು ಸುತ್ತಿ ಬಿಚ್ಚಿರಿ. ಅದು ಹತ್ತು ಕುಣಿಕೆಗೆ ಬೇಕಾದ ದಾರ. ನೂರು ಕುಣಿಕೆಗೆ ಅದರ ಹತ್ತುಪಟ್ಟು ಅಳೆದು, ಮೇಲೊಂದು ಗೇಣು ಬಿಟ್ಟುಕೊಳ್ಳಿರಿ. ಮೊದಲ ಸಾಲು ಬಿಗಿಯಾಗದಿರಲು ಎರಡು ಕಡ್ಡಿಗಳನ್ನು ಜೋಡಿಸಿ ಹಿಡಿದು ಕುಣಿಕೆ ಹಾಕಿ, ಬಳಿಕ ಒಂದನ್ನು ಎಳೆದುಕೊಳ್ಳಿರಿ. ಕೊರಳಿನ ಕೊನೆಯ ಸಾಲನ್ನು ಮುಚ್ಚುವಾಗಲೂ ದಪ್ಪ ಕಡ್ಡಿಯನ್ನೇ ಬಳಸಬೇಕು. ಎಷ್ಟೋ ಚೆಂದದ ಸ್ವೆಟರುಗಳು ತಲೆಯಲ್ಲಿ ಇಳಿಯದೆ ಪೆಟ್ಟಿಗೆ ಸೇರಿರುವುದು ಈ ಒಂದು ಬಿಗಿತದಿಂದ.

ಉಂಡೆ ಮುಗಿಯುತ್ತ ಬಂದಾಗ ಇನ್ನೆರಡು ಸಾಲಿಗೆ ದಾರ ಸಾಕೇ ಎಂದು ಸಂದೇಹ ಬಂದರೆ, ಉಳಿದ ದಾರವನ್ನು ಮಡಿಸಿ ನಟ್ಟನಡುವೆ ಒಂದು ಜಾರುಗಂಟು ಹಾಕಿರಿ. ಒಂದು ಸಾಲು ಮುಗಿಯುವುದರೊಳಗೆ ಗಂಟು ಬಂದರೆ ಎರಡನೆಯ ಸಾಲಿಗೆ ದಾರ ಸಾಲದು. ಹೊಸ ಉಂಡೆಯನ್ನು ಯಾವಾಗಲೂ ಸಾಲಿನ ಅಂಚಿನಲ್ಲಿ ಸೇರಿಸಿರಿ, ನಡುವೆ ಗಂಟು ಹಾಕಬೇಡಿರಿ. ಶುದ್ಧ ಉಣ್ಣೆಯಾದರೆ ಎರಡು ತುದಿಗಳ ಎಳೆ ಬಿಡಿಸಿ, ಒಂದರ ಮೇಲೊಂದಿಟ್ಟು, ನೀರು ಸವರಿ ಅಂಗೈಗಳ ನಡುವೆ ಬಿರುಸಾಗಿ ಉಜ್ಜಿದರೆ ಬೆಸೆದುಕೊಂಡು ಒಂದಾಗುವುವು. ಅಕ್ರಿಲಿಕ್ಕಿನಲ್ಲಿ ಇದು ಸಾಗದು.

ಸಾಲು ಎಣಿಸಲು ಎರಡು ಬಟ್ಟಲು ಮತ್ತು ಹಿಡಿ ಹುಣಸೆಬೀಜ ಸಾಕು. ಒಂದು ಸಾಲು ಮುಗಿದರೆ ಒಂದು ಬೀಜವನ್ನು ಈ ಬಟ್ಟಲಿನಿಂದ ಆ ಬಟ್ಟಲಿಗೆ ಹಾಕಿರಿ. ನಡುವೆ ಹಾಲು ಉಕ್ಕಿದರೂ, ಬಾಗಿಲಿಗೆ ಯಾರಾದರೂ ಬಂದರೂ ಲೆಕ್ಕ ಬಟ್ಟಲಿನಲ್ಲಿ ಇದ್ದೇ ಇರುತ್ತದೆ. ಕಂಬಳಿ ನೇಯುವ ನಮ್ಮ ಕುರುಬರು ಹಾಸಿನ ಎಳೆಗಳು ಗಟ್ಟಿಯಾಗಲೆಂದು ಹುಣಸೆಬೀಜದ ಗಂಜಿ ಹಾಕುತ್ತಾರೆ. ಅದೇ ಬೀಜ ಇಲ್ಲಿ ಲೆಕ್ಕಕ್ಕೆ ಬಂತು.

ತಪ್ಪಿದಾಗ

ಕ್ರೋಶಾದಲ್ಲಿ ಬಿಚ್ಚಿಹೋಗಬಹುದಾದ ಕುಣಿಕೆ ಸಾಮಾನ್ಯವಾಗಿ ಒಂದೇ. ಕಡ್ಡಿ ಹೆಣಿಗೆಯಲ್ಲಿ ಸಾಲಿನ ಎಲ್ಲ ಕುಣಿಕೆಗಳೂ ಬಾಯ್ದೆರೆದು ಕಡ್ಡಿಯ ಮೇಲಿರುತ್ತವೆ. ಆದುದರಿಂದ ಒಂದು ಜಾರಿದರೆ ಏಣಿಯಂತೆ ಕೆಳಕೆಳಗೆ ಬಿಚ್ಚುತ್ತ ಹೋಗುತ್ತದೆ. ಗಾಬರಿಪಡದೆ ಮೊದಲು ಅದಕ್ಕೊಂದು ಪಿನ್ನು ಸಿಕ್ಕಿಸಿರಿ. ಬಳಿಕ ಕ್ರೋಶಾ ಕಡ್ಡಿಯಿಂದ ಏಣಿಯ ಒಂದೊಂದು ಮೆಟ್ಟಿಲನ್ನೂ ಕುಣಿಕೆಯೊಳಗಿಂದ ಎಳೆದುಕೊಳ್ಳುತ್ತ ಮೇಲಕ್ಕೆ ಬನ್ನಿರಿ.

ಕಷ್ಟದ ಮಾದರಿಯಾದರೆ ಹತ್ತು ಹತ್ತು ಸಾಲಿಗೊಮ್ಮೆ, ಕಡ್ಡಿಯ ಮೇಲಿರುವ ಎಲ್ಲ ಕುಣಿಕೆಗಳೊಳಗಿಂದ ಬೇರೆ ಬಣ್ಣದ ತೆಳ್ಳನೆಯ ಹತ್ತಿದಾರವನ್ನು ಸೂಜಿಯಿಂದ ಪೋಣಿಸಿ ಬಿಡಿರಿ. ಮುಂದೆ ತಪ್ಪಾದರೆ ಧೈರ್ಯವಾಗಿ ಬಿಚ್ಚಬಹುದು. ಆ ದಾರದ ಬಳಿ ಹೆಣಿಗೆ ತಾನೇ ನಿಲ್ಲುತ್ತದೆ. ಬಿಚ್ಚುವುದನ್ನು ಅವಮಾನವೆಂದು ತಿಳಿಯಬಾರದು. ಐದನೆಯ ಸಾಲಿನ ತಪ್ಪನ್ನು ಕಂಡೂ ಐವತ್ತನೆಯ ಸಾಲಿನವರೆಗೆ ಮುಂದುವರಿಸುವವರನ್ನು ನಾವು ಕಂಡಿದ್ದೇವೆ. ಶಾಲೆಯಲ್ಲಿ ತಪ್ಪು ಹೆಜ್ಜೆಯ ಮೇಲೆ ಲೆಕ್ಕ ಮುಂದುವರಿಸುವ ಮಕ್ಕಳೂ ಹೀಗೆಯೇ ಮಾಡುವರು.

ಎರಡನೆಯ ಸಹೋದರಿಯ ಪ್ರಶ್ನೆಗೆ ಉತ್ತರ: ಹಳೆಯ ದಾರ ಧಾರಾಳವಾಗಿ ಕೆಲಸಕ್ಕೆ ಬರುತ್ತದೆ. ಸ್ವೆಟರಿನ ಹೊಲಿಗೆ ಬಿಚ್ಚಿ, ಕೊನೆಯಲ್ಲಿ ಮುಚ್ಚಿದ ಸಾಲಿನ ಕಡೆಯಿಂದ ಎಳೆಯಿರಿ. ದಾರವನ್ನು ಕುರ್ಚಿಯ ಬೆನ್ನಿಗೆ ಲಡಿಯಾಗಿ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ತೂಗುಹಾಕಿರಿ. ಲಡಿಯ ಕೆಳಗೆ ಹಗುರವಾದ ಒಂದು ಲೋಟ ಕಟ್ಟಿದರೆ ಸುರುಳಿಗಳು ನೇರವಾಗುವುವು. ಮೊಣಕೈ ಭಾಗದ ಸವೆದ ದಾರವನ್ನು ಮಾತ್ರ ಬೇರ್ಪಡಿಸಿ ಬಿಡಿರಿ.

ತೊಳೆದು ತೆಗೆದಿಡುವುದು

ಬಿಸಿನೀರು ಮತ್ತು ಉಜ್ಜುವಿಕೆ ಉಣ್ಣೆಯ ಶತ್ರುಗಳು. ಇವೆರಡು ಸೇರಿದರೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ. ಅಂಟುವಾಳದ ನೊರೆಯನ್ನು ತಣ್ಣೀರಿಗೆ ಬೆರಸಿ, ಅದರಲ್ಲಿ ಅದುಮಿ ತೊಳೆದು, ಹಿಂಡದೆ, ಒಣ ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿರಿ. ತಂತಿಗೆ ತೂಗುಹಾಕಿದರೆ ನೀರಿನ ಭಾರಕ್ಕೆ ಜೋತುಬೀಳುವುದರಿಂದ ಚಾಪೆಯ ಮೇಲೆ ನೆರಳಿನಲ್ಲಿ ಹರಡಿರಿ. ಅಕ್ರಿಲಿಕ್ ಉಡುಪಿಗೆ ಕಾದ ಇಸ್ತ್ರಿಪೆಟ್ಟಿಗೆ ತಾಗಿಸಲೇಬೇಡಿರಿ.

ಉಣ್ಣೆಯನ್ನು ತಿನ್ನುವುದು ನುಸಿಯ ಮರಿಹುಳು. ಬೆವರು, ಹಾಲು, ಅನ್ನದ ಕಲೆಯಿರುವ ಬಟ್ಟೆಗೆ ಅದು ಬೇಗ ಬೀಳುತ್ತದೆ. ಆದುದರಿಂದ ತೊಳೆಯದೆ ಒಳಗಿಡಬಾರದು. ದೊಡ್ಡವರ ಬಟ್ಟೆಗೆ ನುಸಿಗುಳಿಗೆ ಹಾಕುವುದುಂಟು. ಆದರೆ ಮಗುವಿನ ಬಟ್ಟೆಯ ಜೊತೆ ಅದನ್ನು ಎಂದೂ ಇಡಬೇಡಿರಿ. ಹುಟ್ಟಿನಿಂದಲೇ ಒಂದು ಬಗೆಯ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಆ ಗುಳಿಗೆಯ ನ್ಯಾಫ್ತಲೀನ್ ರಕ್ತದ ಕೆಂಪುಕಣಗಳನ್ನು ಒಡೆದು ಕಾಮಾಲೆಗೆ ಕಾರಣವಾಗುತ್ತದೆ. ಆ ಕೊರತೆ ಹೊರಗೆ ಕಾಣುವಂಥದಲ್ಲ. ಮಗುವಿನ ಬಟ್ಟೆಗೆ ಬಿಸಿಲು ಮತ್ತು ಭದ್ರವಾದ ಮುಚ್ಚಳದ ಡಬ್ಬವೇ ಸಾಕು.

ಎಳೆಗೂಸಿನ ಕಾಲುಚೀಲ

ಈಗ ಮೂರನೆಯ ಪತ್ರಕ್ಕೆ ಬರುವೆವು.

ಮೂರು ವರ್ಷಗಳ ಹಿಂದೆ ನಮ್ಮ ಮಗಳು ಬಾಣಂತನಕ್ಕೆ ಬಂದಿದ್ದಳು. ಮೊಮ್ಮಗಳಿಗೆ ಮೂರು ತಿಂಗಳು ತುಂಬಿ, ಡಿಸೆಂಬರಿನಲ್ಲಿ ಬೆಳಗಾವಿಯ ತಂದೆಯ ಮನೆಗೆ ಹೊರಡುವುದಿತ್ತು. ಅಲ್ಲಿಯ ಚಳಿಗೆಂದು ನಮ್ಮ ಮನೆಯವರು ಬಿಳಿಯ ಕಾಲುಚೀಲಗಳಲ್ಲಿ ಕೆಂಪು ಹೂಗಳು ಮೂಡುವಂತೆ ಎರಡು ಬಣ್ಣದ ಹೆಣಿಗೆ ಹೆಣೆದರು. ಅದನ್ನು ಮೊದಲು ಕೈಗೆತ್ತಿಕೊಂಡು ನೋಡಿದವರು ನಾವು. ಹೂಗಳ ಸಾಲು ಒಂದಿಷ್ಟೂ ಓರೆಯಾಗಿರಲಿಲ್ಲ. ಬಹಳ ಹೊಗಳಿದೆವು. ಓಣಿಯವರಿಗೂ ತೋರಿಸಿದೆವು. ಒಳಮೈಯನ್ನು ಮಾತ್ರ ತಿರುವಿ ನೋಡಲಿಲ್ಲ.

ಎರಡು ಬಣ್ಣದ ಹೆಣಿಗೆಯಲ್ಲಿ ಬಳಕೆಯಲ್ಲಿಲ್ಲದ ಬಣ್ಣದ ಎಳೆ ಹಿಂಬದಿಯಲ್ಲಿ ಹಾಯ್ದುಹೋಗುತ್ತದೆ. ಹೂವಿನಿಂದ ಹೂವಿಗೆ ಒಂದು ಅಂಗುಲಕ್ಕೂ ಹೆಚ್ಚಿನ ಅಂತರವಿದ್ದುದರಿಂದ ಆ ಕೆಂಪು ಎಳೆಗಳು ಚೀಲದೊಳಗೆ ಸಡಿಲವಾಗಿ ತೂಗುತ್ತಿದ್ದುವು. ಹೊರಡುವ ಮುನ್ನಾದಿನ ಸಂಜೆ, ಅಳತೆ ನೋಡಲೆಂದು ಮಗುವಿಗೆ ತೊಡಿಸಿ ಹಾಗೆಯೇ ಮಲಗಿಸಿದರು. ರಾತ್ರಿ ಮಗು ಅಳಲು ಪ್ರಾರಂಭಿಸಿತು. ಹೊಟ್ಟೆನೋವಿರಬೇಕೆಂದು ಇಂಗು ತೇಯ್ದು ಹೊಕ್ಕುಳ ಸುತ್ತ ಹಚ್ಚಿದರು. ಹೆಗಲ ಮೇಲೆ ಹಾಕಿಕೊಂಡು ನಾವು ಅಂಗಳದಲ್ಲಿ ಅಡ್ಡಾಡಿದೆವು. ಚಳಿಯೆನ್ನಿಸೀತೆಂದು ಕಾಲುಚೀಲವನ್ನು ಇನ್ನಷ್ಟು ಮೇಲಕ್ಕೆ ಎಳೆದವರೂ ನಾವೇ. ಎರಡು ಗಂಟೆಯ ಹೊತ್ತಿಗೆ ನಮ್ಮ ಮನೆಯವರಿಗೆ ಏನು ತೋಚಿತೋ, ಮಗುವಿನ ಮೈಮೇಲಿನ ಬಟ್ಟೆಯನ್ನೆಲ್ಲ ತೆಗೆಯಿರಿ ಎಂದರು. ಎಡಗಾಲಿನ ಚೀಲ ಸಲೀಸಾಗಿ ಬರಲಿಲ್ಲ. ಕತ್ತರಿಸಿ ತೆಗೆದಾಗ ಕಂಡುದು, ಕೆಂಪು ಎಳೆಯೊಂದು ಎರಡನೆಯ ಬೆರಳಿಗೆ ಎರಡು ಸುತ್ತು ಬಿಗಿದು, ಬೆರಳು ಬಾತು ಕಪ್ಪಡರುತ್ತಿತ್ತು. ಟಾರ್ಚಿನ ಬೆಳಕಿನಲ್ಲಿ ಕಸೂತಿಯ ಸಣ್ಣ ಕತ್ತರಿಯಿಂದ ಮಗಳೇ ಎಳೆಯನ್ನು ಕತ್ತರಿಸಿದಳು. ನಮ್ಮ ಕೈ ನಡುಗುತ್ತಿತ್ತು. ಆ ರಾತ್ರಿಯೇ ಆಸ್ಪತ್ರೆಗೆ ಓಡಿದೆವು. ಬೆರಳು ಉಳಿಯಿತು. ಬೆಳಗಿನವರೆಗೆ ಬಿಟ್ಟಿದ್ದರೆ ಉಳಿಯುತ್ತಿತ್ತೆಂದು ಹೇಳಲಾಗದೆಂದು ವೈದ್ಯರು ತಿಳಿಸಿದರು.

ನಮ್ಮ ಮನೆಯವರು ಮರುದಿನವೇ ಕಡ್ಡಿಗಳನ್ನೆಲ್ಲ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಮಗಳಾಗಲಿ ಅಳಿಯನಾಗಲಿ ಒಂದು ಮಾತನ್ನೂ ಆಡಲಿಲ್ಲ. ಆದರೂ ವರ್ಷ ಕಳೆಯುವವರೆಗೆ ಅವರು ದಾರವನ್ನು ಮುಟ್ಟಲಿಲ್ಲ. ಎಷ್ಟು ಹೇಳಿದರೂ, “ನನ್ನ ಕೈಯಿಂದ ಇನ್ನು ಬೇಡ” ಎನ್ನುತ್ತಿದ್ದರು.

ಮುಂದಿನ ಚೌತಿಗೆ ನೆರೆಮನೆಯ ಕ್ರಿಸ್ತಾಂವ್ ಹಿರಿಯರೊಬ್ಬರಿಗೆ ಕರ್ಚಿಕಾಯಿ ಕೊಡಲು ಹೋದಾಗ ಅವರು ಚರ್ಚಿನ ಪೀಠಕ್ಕೆ ಹಾಸುವ ವಸ್ತ್ರದ ಅಂಚನ್ನು ಹೆಣೆಯುತ್ತಿದ್ದರು. ೧೯೮೩ರಲ್ಲಿ ಜುವಾರಿಯ ಮೊದಲ ಸೇತುವೆ ತೆರೆಯುವ ಮುನ್ನ, ಅಗಸಯಿಂಗೆ ದಾಟಿಸುವ ದೋಣಿಗಾಗಿ ಕಾಯುತ್ತ ಕುಳಿತ ಹೊತ್ತಿನಲ್ಲಿಯೇ ಮೇಜುಹಾಸು ಮುಗಿಸಿದವರು ಅವರು. ನಮ್ಮ ಮನೆಯವರು ನಡೆದುದನ್ನು ಅಂದು ಮೊದಲ ಸಲ ಅವರ ಮುಂದೆ ಹೇಳಿಕೊಂಡರು. ಎಲ್ಲವನ್ನೂ ಕೇಳಿ ಆ ತಾಯಿ ತಮ್ಮ ಕೈಯಲ್ಲಿದ್ದ ವಸ್ತ್ರವನ್ನು ಹಿಂದುಮುಂದು ಮಾಡಿ ತೊಡೆಯ ಮೇಲೆ ಹರಡಿದರು. ಎದುರಿನಷ್ಟೇ ಹಿಂಬದಿಯೂ ಶುಚಿಯಾಗಿತ್ತು. “ನಮಗೆ ಕಲಿಸಿದ ಸಿಸ್ಟರ್ ಮೊದಲು ಇದನ್ನೇ ನೋಡುತ್ತಿದ್ದರು, ಬಾಯ್” ಎಂದು ಕೊಂಕಣಿಯಲ್ಲಿ ಹೇಳಿದರು. “ಇನ್ನೊಂದು ಕಾಲಿನ ಚೀಲ ಇದೆಯಲ್ಲ? ತೆಗೆದುಕೊಂಡು ಬಾ. ಇಬ್ಬರೂ ಕೂತು ಬಿಚ್ಚೋಣ.”

“ಬಿಚ್ಚಿ ಏನು ಮಾಡುವುದು, ಮಾವ್ಶಿ?” ಎಂದು ಇವರು ಕೇಳಿದರು.

“ಬಿಚ್ಚೋಣ, ಆಮೇಲೆ ನೋಡೋಣ.”

ಆ ಸಂಜೆ ಟ್ರಂಕಿನ ಬೀಗ ತೆರೆಯಿತು. ಬಿಳಿಯ ದಾರ ಒಂದು ಉಂಡೆ, ಕೆಂಪು ದಾರ ಒಂದು ಉಂಡೆ ಆಯಿತು. ತಿಂಗಳೊಳಗೆ ಮೊಮ್ಮಗಳಿಗೆ ಹೂವಿಲ್ಲದ, ಬಣ್ಣವೊಂದೇ ಇರುವ ಟೊಪ್ಪಿಗೆ ಸಿದ್ಧವಾಯಿತು. ಅದನ್ನು ನಮ್ಮ ಕೈಗೆ ಕೊಡುವಾಗ ಒಳಮೈ ಹೊರಗೆ ಮಾಡಿಯೇ ಕೊಟ್ಟರು.

ಮಕ್ಕಳ ನೀಟುಪುಸ್ತಕವನ್ನು ಮಾತ್ರ ನೋಡಿ ಸಹಿ ಹಾಕಬಾರದು, ಕಚ್ಚಾಪುಸ್ತಕವನ್ನು ತೆರೆದು ಹುಡುಗ ಎಲ್ಲಿ ಎಡವಿದ್ದಾನೆಂದು ನೋಡಬೇಕು ಎಂದು ಕಿರಿಯ ಶಿಕ್ಷಕರಿಗೆ ಮೂವತ್ತು ವರ್ಷಗಳಿಂದ ಹೇಳುತ್ತ ಬಂದವರು ನಾವು. ಮನೆಯಲ್ಲಿ ಅದನ್ನು ಮರೆತೆವು. ಆದುದರಿಂದ ಪತ್ರ ಬರೆದ ಸಹೋದರಿಗೆ, ಅವರಂತೆಯೇ ಕಡ್ಡಿ ಹಿಡಿದಿರುವ ಎಲ್ಲ ಅಜ್ಜಿಯಂದಿರಿಗೆ ನಮ್ಮ ಸೂಚನೆಗಳು ಇಷ್ಟು:

ಒಂದು: ವರ್ಷ ತುಂಬದ ಮಗುವಿನ ಕಾಲುಚೀಲ, ಕೈಚೀಲಗಳನ್ನು ಒಂದೇ ಬಣ್ಣದಲ್ಲಿ, ಒತ್ತಾದ ಹೆಣಿಗೆಯಲ್ಲಿ ಹೆಣೆಯಿರಿ. ಜಾಲರಿಯಂಥ ತೂತುಗಳ ಹೆಣಿಗೆ ಬೇಡ. ಪುಟ್ಟ ಬೆರಳು ತೂತಿಗೂ ಸಿಕ್ಕಿಕೊಳ್ಳುತ್ತದೆ.

ಎರಡು: ದಾರದ ಕೊನೆಗಳನ್ನು ಕನಿಷ್ಠ ಹದಿನೈದು ಸೆಂಟಿಮೀಟರ್ ಉದ್ದ ಬಿಟ್ಟು, ಒಮ್ಮೆ ಆ ದಿಕ್ಕಿಗೆ, ಒಮ್ಮೆ ಈ ದಿಕ್ಕಿಗೆ ಸೂಜಿಯಿಂದ ಒಳಗೆ ಸೇರಿಸಿರಿ. ಕೊನೆ ಗಿಡ್ಡವಾಗಿ ಉಳಿದಿದ್ದರೆ ಬರಿಯ ಸೂಜಿಯನ್ನು ಮೊದಲು ಹೆಣಿಗೆಯೊಳಗೆ ತೂರಿಸಿ, ಆಮೇಲೆ ಅದರ ಕಣ್ಣಿಗೆ ದಾರ ಪೋಣಿಸಿ ಎಳೆದುಕೊಳ್ಳಿರಿ.

ಮೂರು: ಎರಡು ಬಣ್ಣ ಬೇಕೇ ಬೇಕೆಂದರೆ ಟೊಪ್ಪಿಗೆಗೋ ಅಂಗಿಗೋ ಇಟ್ಟುಕೊಳ್ಳಿರಿ. ಹಿಂಬದಿಯ ಎಳೆಯನ್ನು ಪ್ರತಿ ಮೂರನೆಯ ಕುಣಿಕೆಗೆ ಸಿಕ್ಕಿಸುತ್ತ ಬನ್ನಿರಿ. ಮೇಲೆ ಮಲ್ಮಲ್ ಬಟ್ಟೆಯ ಅಸ್ತರಿ ಹೊಲಿಯಿರಿ.

ನಾಲ್ಕು: ಕೊರಳಿಗೆ ಕಟ್ಟುವ ಉದ್ದದ ದಾರ, ಕಿತ್ತು ಬಾಯಿಗೆ ಹೋಗುವ ಗುಂಡಿ, ಮಣಿಗಳು ಬೇಡ. ಮಲಗಿಸುವಾಗ ಟೊಪ್ಪಿಗೆಯನ್ನು ತೆಗೆಯಿರಿ.

ಐದು: ಮಗು ಕಾರಣವಿಲ್ಲದೆ ಅತ್ತು ಸುಮ್ಮನಾಗದಿದ್ದರೆ ಹೊಟ್ಟೆಗೆ ಮದ್ದು ಹಾಕುವ ಮೊದಲು ಕಾಲುಚೀಲ, ಕೈಚೀಲ ತೆಗೆದು ಇಪ್ಪತ್ತು ಬೆರಳುಗಳನ್ನೂ ಬೆಳಕಿನಲ್ಲಿ ನೋಡಿರಿ. ತಾಯಿಯ ಉದುರಿದ ಕೂದಲೆಳೆಯೂ ಹೀಗೆ ಬೆರಳಿಗೆ ಸುತ್ತಿಕೊಳ್ಳುವುದುಂಟು. ಎಳೆ ಕಂಡರೆ ಎಚ್ಚರಿಕೆಯಿಂದ ಕತ್ತರಿಸಿರಿ. ಕಾಣದೆ ಬೆರಳು ಮಾತ್ರ ಬಾತಿದ್ದರೆ, ಇಲ್ಲವೆ ಕತ್ತರಿಸಿದ ಮೇಲೂ ಬಣ್ಣ ತಿರುಗದಿದ್ದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿರಿ.

ಆರನೆಯದು ಎಲ್ಲಕ್ಕಿಂತ ಸುಲಭವಾದುದು. ಹೆಣೆದುದು ಮುಗಿದ ಮೇಲೆ, ತೊಡಿಸುವ ಮೊದಲು, ಪ್ರತಿ ಸಲ ತೊಳೆದ ಬಳಿಕವೂ, ಒಳಮೈಯನ್ನು ಹೊರಗೆ ತಿರುವಿ, ನಿಮ್ಮ ಕಿರುಬೆರಳನ್ನು ಅದರ ಮೇಲೆಲ್ಲ ಆಡಿಸಿರಿ. ಬೆರಳಿಗೆ ಒಂದು ಎಳೆ ತೊಡಕಿದರೂ ಆ ಹೆಣಿಗೆ ಇನ್ನೂ ಮುಗಿದಿಲ್ಲವೆಂದು ತಿಳಿಯಿರಿ.

ನಮ್ಮ ಮೊಮ್ಮಗಳು ಈಗ ಓಡಾಡುತ್ತಾಳೆ. ಎಡಗಾಲಿನ ಎರಡನೆಯ ಬೆರಳಿನ ಸುತ್ತ ಒಂದು ತೆಳ್ಳನೆ ಗೆರೆ ಉಳಿದಿದೆ, ಹುಡುಕಿದರಷ್ಟೇ ಕಾಣುವಂಥದು. ರಜೆಗೆ ಬಂದಾಗಲೆಲ್ಲ ಅವಳ ಅಜ್ಜಿ ಕಾಲು ತೊಳೆಯಿಸುವ ನೆವದಲ್ಲಿ ಅದನ್ನು ನೋಡುತ್ತಾರೆ. ನಾವೂ ನೋಡುತ್ತೇವೆ. ಪತ್ರ ಬರೆದ ಸಹೋದರಿಯ ಮಗಳಿಗೆ ಸುಖಪ್ರಸವವಾಗಲಿ, ಅವರು ಹೆಣೆಯುವ ಕಾಲುಚೀಲ ಎರಡು ಮೈಯಲ್ಲೂ ಚೊಕ್ಕವಾಗಿರಲಿ ಎಂದು ಹಾರೈಸುತ್ತೇವೆ. ಮುಂದಿನ ತಿಂಗಳು ಮಕ್ಕಳ ಪಾಟೀಚೀಲ ಹೊಲಿಯುವ ವಿಷಯವನ್ನು ಬರೆಯುವೆವು.